ಡಿವಿಡಿಗಳ ಮೇಲೆ ಹೆಸರು, ವಿವರ ಮುದ್ರಿಸಲು ಯಾವ ಇಂಕ್‌ಜೆಟ್ ಪ್ರಿಂಟರ್ ಕೊಳ್ಳಬೇಕು?

ಊರಿನ ತಾಳಮದ್ದಳೆ ಕೂಟಗಳ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಡಿವಿಡಿ ಮಾಡುತ್ತಿದ್ದೇವೆ, ಮುನ್ನೂರರಷ್ಟು ಡಿಸ್ಕ್ ಆಗಬಹುದು, ಸ್ಟಿಕ್ಕರ್ ಅಂಟಿಸೋದಾ ಅಥವಾ ಪ್ರಿಂಟರ್ ತಗೊಳ್ಳೋದಾ ಅಂತ ಕೇಳಿದ್ದೀರಿ. ನಾನು ಕರಾವಳಿಯಲ್ಲಿ ಫೋಟೊ, ವಿಡಿಯೊ ಸ್ಟುಡಿಯೊ ನಡೆಸುವವನು. ಮದುವೆ, ಉಪನಯನ, ಬಯಲಾಟಗಳ ಡಿವಿಡಿಗಳಿಗೆ ವರ್ಷಾನುಗಟ್ಟಲೆ ಈ ಕೆಲಸ ಮಾಡಿದ್ದೇನೆ. ಈಗ ಗಿರಾಕಿಗಳೆಲ್ಲ ಪೆನ್‌ಡ್ರೈವ್ ಕೇಳುತ್ತಾರೆ, ನಿಜ. ಆದರೆ ಪೆನ್‌ಡ್ರೈವ್ ಯಾರ ಕೈಗೋ ಸಿಕ್ಕಿ, ಇದ್ದದ್ದನ್ನು ಅಳಿಸಿ ಸಿನಿಮಾ ತುಂಬಿಸಿಕೊಂಡರೆ ಮುಗಿಯಿತು. ಒಮ್ಮೆ ರೈಟ್ ಮಾಡಿದ ಡಿವಿಡಿ-ಆರ್ ಮೇಲೆ ಆ ಆಟ ನಡೆಯುವುದಿಲ್ಲ. ನೀವು ಡಿಸ್ಕ್ ಆರಿಸಿಕೊಂಡದ್ದು ನನಗೆ ಸರಿ ಅನ್ನಿಸಿತು.

ಸ್ಟಿಕ್ಕರ್ ಮಾತ್ರ ಬೇಡವೇ ಬೇಡ. ಡಿವಿಡಿ ಅಂದರೆ ತಲಾ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿದ್ದು, ಒಟ್ಟು 1.2 ಮಿಲಿಮೀಟರ್. ಅದರ ಒಂದು ಮುಖಕ್ಕೆ ಕಾಗದ ಮೆತ್ತಿದರೆ, ನಮ್ಮ ಮಳೆಗಾಲದ ತೇವಕ್ಕೆ ಕಾಗದ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಜೊತೆಗೆ ಡಿಸ್ಕನ್ನೂ ಎಳೆಯುತ್ತದೆ. ಕೂದಲೆಳೆಯಷ್ಟು ಬಾಗಿದರೂ ಲೇಸರ್ ಗುರಿ ತಪ್ಪುತ್ತದೆ. ಸ್ಟಿಕ್ಕರ್ ನಡುಮಧ್ಯಕ್ಕೆ ಕೂರದೆ ಸ್ವಲ್ಪ ಸರಿದಿದ್ದರೆ ತಿರುಗುವಾಗ ಡಿಸ್ಕ್ ಅದುರುತ್ತದೆ. ಅಂಚು ಎದ್ದ ಕಾಗದ ಡ್ರೈವ್ ಒಳಗೇ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಸಿಡಿಯಲ್ಲಂತೂ ದತ್ತಾಂಶದ ಪದರ ಇರುವುದು ಮೇಲ್ಮುಖದ ತೆಳು ವಾರ್ನಿಷ್‌ನ ಕೆಳಗೇ. ಅಂಟಿಸಿದ ಸ್ಟಿಕ್ಕರ್ ಕೀಳಲು ಹೋದರೆ ಆ ಪದರವೂ ಕಿತ್ತು ಬರುತ್ತದೆ. ಬಾಲ್‌ಪೆನ್‌ನಲ್ಲಿ ಒತ್ತಿ ಬರೆಯಬಾರದು ಅನ್ನುವುದಕ್ಕೂ ಇದೇ ಕಾರಣ.

ಪ್ರಿಂಟರ್‌ಗಿಂತ ಮೊದಲು ಡಿಸ್ಕ್ ಆರಿಸಿ, ಅಚ್ಚು ಚೆನ್ನಾಗಿ ಬರುವುದು, ಬಾರದಿರುವುದು ಅಲ್ಲೇ ತೀರ್ಮಾನವಾಗುತ್ತದೆ. ಪೊಟ್ಟಣದ ಮೇಲೆ ‘ಇಂಕ್‌ಜೆಟ್ ಪ್ರಿಂಟಬಲ್’ ಅಂತ ಇರಲೇಬೇಕು. ಬರಿಯ ‘ಪ್ರಿಂಟಬಲ್’ ಅಂದರೆ ಥರ್ಮಲ್ ಯಂತ್ರಕ್ಕೆ ಮಾಡಿದ್ದೂ ಇರಬಹುದು, ಅದರ ಮೇಲೆ ಇಂಕ್ ನಿಲ್ಲುವುದಿಲ್ಲ. ಇಂಕ್‌ಜೆಟ್ ಡಿಸ್ಕಿನ ಬಿಳಿ ಮೇಲ್ಮೈ, ಸುಣ್ಣ ಬಳಿದ ಗೋಡೆ ನೀರು ಹೀರುವಂತೆ ಇಂಕನ್ನು ಹೀರಿಕೊಳ್ಳುತ್ತದೆ. ಇದರಲ್ಲಿ ಎರಡು ಬಗೆ. ಮಧ್ಯದಲ್ಲಿ ಸುಮಾರು 46 ಮಿಲಿಮೀಟರ್ ವ್ಯಾಸದ ಜಾಗ ಬಿಟ್ಟು ಬಿಳಿ ಬಳಿದದ್ದು ಒಂದು, ತೂತಿನ ಹತ್ತಿರ 22-23 ಮಿಲಿಮೀಟರ್‌ವರೆಗೂ ಬಿಳಿ ಇರುವುದು ಇನ್ನೊಂದು. ಬರೆಯಲು ಹೆಚ್ಚು ವಿವರ ಇರುವ ನಿಮಗೆ ಎರಡನೆಯದೇ ಬೇಕು. ನಮ್ಮ ದೇಶದ ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂದ ಮೇಲೆ ಆಯ್ಕೆ ಕಡಿಮೆಯಾಗಿದೆ. ವರ್ಬಾಟಿಮ್ ಇನ್ನೂ ಸಿಗುತ್ತದೆ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಅಗ್ಗದ ಸರಕಿಗೆ ಕೈ ಹಾಕಬೇಡಿ. ಖಾಲಿ ಡಿಸ್ಕಿಗೂ ವಯಸ್ಸಾಗುತ್ತದೆ.

ಈಗ ಪ್ರಿಂಟರ್ ವಿಷಯ. ಇಂಕ್ ಟ್ಯಾಂಕ್ ಇದ್ದ ಮಾತ್ರಕ್ಕೆ ಡಿಸ್ಕ್ ಅಚ್ಚಾಗುವುದಿಲ್ಲ. ಡಿಸ್ಕನ್ನು ಬಾಗಿಸದೆ ನೇರವಾಗಿ ಒಳಗೆ ಎಳೆದುಕೊಳ್ಳುವ ದಾರಿ ಮತ್ತು ಅದಕ್ಕೊಂದು ಟ್ರೇ ಬೇಕು. ನಮ್ಮಲ್ಲಿ ಸ್ಟುಡಿಯೊಗಳು ಹೆಚ್ಚಾಗಿ ಬಳಸಿದ್ದು ಎಪ್ಸನ್ ಎಲ್805, ಅದರ ನಂತರ ಬಂದದ್ದು ಎಲ್8050. ಎರಡರಲ್ಲೂ ಆರು ಬಣ್ಣ, ಎರಡರಲ್ಲೂ ಟ್ಯಾಂಕ್. ಕ್ಯಾನನ್‌ನ ಕೆಲವು ಪಿಕ್ಸ್‌ಮಾ ಮಾದರಿಗಳಲ್ಲೂ ಈ ಸೌಲಭ್ಯ ಇದೆ, ಆದರೆ ಅವು ಕಾರ್ಟ್ರಿಜ್‌ನವು. ಮುನ್ನೂರು ಡಿಸ್ಕಿಗೆ ಕಾರ್ಟ್ರಿಜ್ ಖರ್ಚು ಮೈಮೇಲೆ ಬರುತ್ತದೆ. ಹೊಸದು ಕೊಳ್ಳುವುದಾದರೆ ನಾನು ಎಲ್8050 ಅನ್ನುತ್ತೇನೆ.

ಹಳೆಯ ಎಲ್805 ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಕಿಲ್ಲ, ಆದರೆ ನೋಡಿ ತಗೊಳ್ಳಿ. ಅವುಗಳಲ್ಲಿ ಬಹಳಷ್ಟು ಸೈಬರ್ ಸೆಂಟರ್‌ಗಳಲ್ಲಿ ಪಿವಿಸಿ ಕಾರ್ಡ್ ಹೊಡೆದು ದುಡಿದವು. ಡಿಸ್ಕ್ ಹೋಗುವ ದಾರಿಯಲ್ಲೇ ಆ ಕಾರ್ಡಿನ ಟ್ರೇ ಹೋಗುವುದರಿಂದ, ಮಾರುವವರ ಹತ್ತಿರ ಮೂಲ ಡಿಸ್ಕ್ ಟ್ರೇ ಇರುವುದೇ ಇಲ್ಲ ಎಷ್ಟೋ ಸಲ. ಟ್ರೇ ಕೈಗೆ ಬಾರದೆ ದುಡ್ಡು ಕೊಡಬೇಡಿ. ನಿಮ್ಮೆದುರಿಗೇ ನಾಝಲ್ ಚೆಕ್, ಅಂದರೆ ಇಂಕ್ ಬರುವ ಸಣ್ಣ ತೂತುಗಳು ಕಟ್ಟಿಲ್ಲ ಅಂತ ನೋಡುವ ಪರೀಕ್ಷಾ ಪುಟ, ಹಾಕಿಸಿ. ಆರು ಬಣ್ಣದ ಗೆರೆಗಳಲ್ಲಿ ಎಲ್ಲೂ ಕಡಿತ ಇರಬಾರದು. ಹೆಡ್ ತೊಳೆದ ಇಂಕನ್ನು ಹೀರಿಕೊಳ್ಳುವ ವೇಸ್ಟ್ ಇಂಕ್ ಪ್ಯಾಡ್ ಬದಲಾಯಿಸಿದ್ದಾರಾ ಅಂತಲೂ ಕೇಳಿ.

ಕೆಲಸದ ಕ್ರಮ ತಪ್ಪಬಾರದು. ಮೊದಲು ಡಿವಿಡಿ ರೈಟ್ ಮಾಡಿ, ಸರಿಯಾಗಿ ಬರೆದಿದೆಯೇ ಅಂತ ವೆರಿಫೈ ಮಾಡಿ, ಆಮೇಲೆ ಅಚ್ಚು. ಮುದ್ರಿಸಿದ ಮೇಲೆ ರೈಟ್ ಮಾಡಲು ಹೋದರೆ ಕೆಳಮುಖಕ್ಕೆ ತಾಗಿದ ಬೆರಳಿನ ಗುರುತು, ಧೂಳು ತೊಂದರೆ ಕೊಡುತ್ತವೆ. ರೈಟ್ ಆಗುವಾಗ ಡಿಸ್ಕ್ ಕೆಟ್ಟರೆ ಇಂಕೂ ದಂಡ. ಎಪ್ಸನ್ ತನ್ನ ಕೈಪಿಡಿಯಲ್ಲೂ ಮೊದಲು ರೈಟ್ ಮಾಡಿ ಎಂದೇ ಹೇಳುತ್ತದೆ. ಪ್ರಿಂಟರ್ ಬೇರೆ ಕೆಲಸ ಮಾಡದೆ ಸುಮ್ಮನಿರುವಾಗಲೇ ಟ್ರೇ ಒಳಗೆ ಹಾಕಿ, ಗುರುತಿಗೆ ಗುರುತು ಕೂಡಿಸಿ. ಒತ್ತಿ ತಳ್ಳಬೇಡಿ.

ಎಲ್805ಕ್ಕೆ ಎಪ್ಸನ್ ಪ್ರಿಂಟ್ ಸಿಡಿ ಎಂಬ ತಂತ್ರಾಂಶ ಇದೆ, ಹೊಸದಕ್ಕೆ ಎಪ್ಸನ್ ಫೋಟೊ ಪ್ಲಸ್. ಅದರಲ್ಲಿ ಒಳ, ಹೊರ ವ್ಯಾಸ ಕೊಡುವ ಜಾಗವಿದೆ. ಸ್ಕೇಲ್ ಇಟ್ಟು ನಿಮ್ಮ ಡಿಸ್ಕಿನ ಬಿಳಿ ಭಾಗವನ್ನೇ ಅಳೆದು, ಎರಡೂ ಅಂಚಿನಲ್ಲಿ ಒಂದೊಂದು ಮಿಲಿಮೀಟರ್ ಬಿಟ್ಟು ಅಳತೆ ತುಂಬಿ. ಒಳಗಿನ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿದ್ದ ಇಂಕ್ ಒಣಗದೆ ಹಸಿಯಾಗೇ ಕೂರುತ್ತದೆ. ಅದು ಟ್ರೇಗೆ, ಟ್ರೇಯಿಂದ ಮುಂದಿನ ಡಿಸ್ಕಿಗೆ ಹತ್ತುತ್ತದೆ. ತಕ್ಷಣ ಒರೆಸಿ.

ಕನ್ನಡ ಅಕ್ಷರಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಈ ಬಿಳಿ ಮೇಲ್ಮೈ ಮೇಲೆ ಇಂಕ್ ತುಸು ಹರಡುತ್ತದೆ. ಇಂಗ್ಲಿಷ್ ಅಕ್ಷರ ಅದನ್ನು ತಡೆದುಕೊಳ್ಳುತ್ತದೆ, ನಮ್ಮ ಒತ್ತಕ್ಷರಗಳು ತಡೆಯುವುದಿಲ್ಲ. 8 ಪಾಯಿಂಟ್‌ನಲ್ಲಿ ‘ಸ್ತ್ರೀವೇಷ’ ಅಂತ ಹೊಡೆದು ನೋಡಿ: ಕೆಳಗಿನ ತ ಒತ್ತು, ರ ಒತ್ತು ಎರಡೂ ಸೇರಿ ಒಂದು ಕಪ್ಪು ಚುಕ್ಕೆ ಆಗಿರುತ್ತದೆ. 11 ಪಾಯಿಂಟ್‌ಗಿಂತ ಕೆಳಗೆ ಇಳಿಯಬೇಡಿ, ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬೇಡ, ಸುತ್ತಲಿನ ಇಂಕ್ ಒಳನುಗ್ಗಿ ಅಕ್ಷರವನ್ನೇ ನುಂಗುತ್ತದೆ. ಅಕ್ಷರ ಜೋಡಣೆಯನ್ನು ನಿಮಗೆ ಅಭ್ಯಾಸವಿರುವ ಬೇರೆ ತಂತ್ರಾಂಶದಲ್ಲಿ ಮುಗಿಸಿ, 300 ಡಿಪಿಐ ಚಿತ್ರವಾಗಿ ಉಳಿಸಿ ಇಲ್ಲಿಗೆ ತನ್ನಿ. 120 ಮಿಲಿಮೀಟರ್ ಡಿಸ್ಕಿಗೆ 1417 ಪಿಕ್ಸೆಲ್ ಉದ್ದ, ಅಷ್ಟೇ ಅಗಲ ಸಾಕು. ಹೀಗೆ ಮಾಡಿದರೆ ಫಾಂಟ್ ಒಡೆದು ಒತ್ತುಗಳು ಚೆಲ್ಲಾಪಿಲ್ಲಿ ಆಗುವ ಭಯವಿಲ್ಲ.

ಇಡೀ ಮುಖಕ್ಕೆ ಫೋಟೊ ಹಾಕುವ ಆಸೆ ಇದ್ದರೆ ದಯವಿಟ್ಟು ಬಿಡಿ. ಪ್ರಸಂಗ, ಭಾಗವತರು, ಮದ್ದಳೆಯವರು, ಅರ್ಥಧಾರಿಗಳು ಮತ್ತು ಅವರ ಪಾತ್ರ, ಊರು, ತಾರೀಕು, ಈ ಡಿಸ್ಕ್ ಎಷ್ಟನೆಯದು, ಮೂಲ ಕ್ಯಾಸೆಟ್ಟಿನ ಸಂಖ್ಯೆ, ಇಷ್ಟು ಸ್ಪಷ್ಟವಾಗಿ ಬರಲಿ. ಕೂಟದಲ್ಲಿ ಯಾರು ಯಾವ ಅರ್ಥ ಹೇಳಿದ್ದು ಎಂಬುದನ್ನು ದನಿ ಕೇಳಿಯೇ ಗುರುತಿಸುವ ಹಿರಿಯರು ಈಗ ನಿಮ್ಮ ಜೊತೆ ಇದ್ದಾರೆ. ಅವರನ್ನು ಕೂರಿಸಿಕೊಂಡು ಹೆಸರುಗಳನ್ನು ಖಚಿತ ಮಾಡಿಕೊಳ್ಳಿ, ಪ್ರಿಂಟರ್ ಬರುವ ಮೊದಲೇ ಈ ಕೆಲಸ ಆಗಲಿ.

ಒಣಗಿಸುವುದರಲ್ಲಿ ಅವಸರ ಸಲ್ಲ. ಈ ಪ್ರಿಂಟರ್‌ಗಳದು ಡೈ ಇಂಕ್, ನೀರು ತಾಗಿದರೆ ಕದಡುತ್ತದೆ. ಒಂದು ದಿನ ಪೂರ್ತಿ, ಮುಖ ಮೇಲಾಗಿ, ಒಂದರ ಪಕ್ಕ ಒಂದು ಹರಡಿ. ಆಷಾಢದ ಜಡಿಮಳೆಯಲ್ಲಿ ಎರಡು ದಿನ ಬಿಡಿ, ಫ್ಯಾನ್ ಗಾಳಿ ಇರಲಿ. ಬೇಗ ಒಣಗಲಿ ಅಂತ ಬಿಸಿಲಿಗೆ ಇಡಬಾರದು, ರೈಟ್ ಆಗಿರುವ ಪದರ ಬೆಳಕಿಗೆ ಹಾಳಾಗುವಂಥದ್ದು. ಹಸಿಯಿದ್ದಾಗ ಪೇರಿಸಿಟ್ಟರೆ ಒಂದರ ಬಣ್ಣ ಇನ್ನೊಂದರ ಕೆಳಮುಖಕ್ಕೆ ಹತ್ತುತ್ತದೆ. ಇಂಕ್ ಪ್ರಿಂಟರ್ ಕಂಪನಿಯದೇ ಇರಲಿ.

ಮುನ್ನೂರನ್ನೂ ಒಂದೇ ವಾರದಲ್ಲಿ ಮುಗಿಸಿ ಪ್ರಿಂಟರನ್ನು ಮೂಲೆಗೆ ತಳ್ಳಿದರೆ ಹೆಡ್ ಒಣಗಿ ಬ್ಲಾಕ್ ಆಗುತ್ತದೆ. ದಿನಕ್ಕೆ ಹತ್ತು ಹದಿನೈದರಂತೆ ಮಾಡಿ, ಮುಗಿದ ಮೇಲೆ ವಾರಕ್ಕೊಮ್ಮೆ ಒಂದು ಬಣ್ಣದ ಪುಟ ತೆಗೆಯುತ್ತಿರಿ. ಅಷ್ಟು ಬಳಕೆ ಇಲ್ಲ ಅನ್ನಿಸಿದರೆ ಕೊಳ್ಳಲೇಬೇಡಿ, ಹತ್ತಿರದ ಸ್ಟುಡಿಯೊದವರಿಗೆ ಡಿಸ್ಕ್ ಮತ್ತು ಚಿತ್ರದ ಫೈಲ್ ಕೊಟ್ಟರೆ ಅವರೇ ಹೊಡೆದುಕೊಡುತ್ತಾರೆ. ನಿಮ್ಮಲ್ಲೇ ಉಳಿಯುವ ಮೂಲ ಪ್ರತಿಗಳಿಗೆ ಅಚ್ಚು ಬೇಡ: ತೂತಿನ ಸುತ್ತಲಿನ ಪಾರದರ್ಶಕ ಭಾಗದಲ್ಲಿ, ಸಿಡಿಗೆಂದೇ ಸಿಗುವ ಮಾರ್ಕರಿನಿಂದ ಕ್ರಮಸಂಖ್ಯೆ ಬರೆದು, ಉಳಿದ ವಿವರವನ್ನು ಡಬ್ಬಿಯೊಳಗಿನ ಚೀಟಿಯಲ್ಲಿ ಇಡಿ. ಹಾರ್ಡ್‌ಡಿಸ್ಕಿನಲ್ಲೂ ಒಂದು ಪ್ರತಿ ಇರಲಿ.