ಸ್ಕ್ಯಾನ್ ಸರಿ ಇದೆ, ಮನುಷ್ಯ ಮಾತ್ರ ಮೊದಲಿನ ಹಾಗಿಲ್ಲ

ಓದುಗರ ಪ್ರಶ್ನೆಗಳಿಗೆ ಹಾಸನದ ಕ್ಲಿನಿಕಲ್ ಸೈಕಾಲಜಿಸ್ಟ್ ಉತ್ತರ

ಪ್ರಶ್ನೆ: ನಮ್ಮ ಯಜಮಾನರು ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ, ಕೂಲಿ ಲೆಕ್ಕ ಬರೆಯುತ್ತಾರೆ. ವಯಸ್ಸು 43. ಹೋದ ಮಳೆಗಾಲದಲ್ಲಿ ಬೈಕ್ ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಎರಡು ದಿನ ಎಚ್ಚರ ಇರಲಿಲ್ಲ. ಈಗ ಸ್ಕ್ಯಾನ್ ಸರಿ ಇದೆ ಅಂತಾರೆ. ಓಡಾಡುತ್ತಾರೆ, ಮಾತೂ ಸರಿಯಾಗಿದೆ. ಆದರೆ ಹಾಜರಿ ಬರೆಯುವಾಗ ಯಾರಾದರೂ ಮಾತಾಡಿಸಿದರೆ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದೇ ಮರೆತುಹೋಗುತ್ತದೆ. ಶನಿವಾರದ ಬಟವಾಡೆ ಲೆಕ್ಕ ತಾಳೆಯಾಗುವುದಿಲ್ಲ. ಮಗಳು ಟಿವಿ ಸೌಂಡ್ ಸ್ವಲ್ಪ ಜಾಸ್ತಿ ಮಾಡಿದರೂ ಕೂಗಾಡುತ್ತಾರೆ. ನಮ್ಮತ್ತೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾರೆ. ಸಾಹುಕಾರರು ಮೈಗಳ್ಳ ಆಗಿದ್ದಾನೆ ಅಂತಾರೆ. ಡಾಕ್ಟರು ನ್ಯೂರೋಸೈಕಾಲಜಿಸ್ಟ್‌ಗೆ ತೋರಿಸಿ ಅಂದರು. ಇವರಿಗೆ ಹುಚ್ಚಲ್ಲವಲ್ಲ ಮೇಡಂ?
– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ಹುಚ್ಚಲ್ಲಮ್ಮ. ಮೈಗಳ್ಳತನ ಅಂತಲೂ ನನಗೆ ಅನ್ನಿಸುವುದಿಲ್ಲ. ಕಾಗದ ಓದಿ ರೋಗ ಹೇಳಲು ಬರುವುದಿಲ್ಲ, ನಿಜ. ಆದರೆ ತಲೆಗೆ ಜೋರು ಪೆಟ್ಟು ಬಿದ್ದವರ ಮನೆಯವರು ನನ್ನೆದುರು ಕೂತು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ.

ಸಿ.ಟಿ. ಸ್ಕ್ಯಾನ್ ಮುಖ್ಯವಾಗಿ ನೋಡುವುದು ರಕ್ತಸ್ರಾವ, ಊತ, ಬುರುಡೆಯ ಬಿರುಕು. ಜೀವ ಉಳಿಸಲು ಅದು ಬೇಕೇ ಬೇಕು. ಆದರೆ ಬಿದ್ದ ರಭಸಕ್ಕೆ ಮಿದುಳು ಒಳಗೇ ಅಲುಗಾಡಿ, ಅದರ ಭಾಗಗಳನ್ನು ಜೋಡಿಸುವ ಸಣ್ಣ ಸಣ್ಣ ನರದ ಎಳೆಗಳಿಗೆ ಏಟಾಗಿರಬಹುದು. ಅದು ಸಿ.ಟಿ.ಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಇಂಥ ಪೆಟ್ಟಿಗೆ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಹಣೆಯ ಹಿಂದಿನ ಭಾಗ. ಕೆಲಸವನ್ನು ಸಾಲಾಗಿ ಜೋಡಿಸಿಕೊಳ್ಳುವುದು, ನಡುವೆ ಬಿಟ್ಟದ್ದನ್ನು ಮತ್ತೆ ಹಿಡಿಯುವುದು, ಬಂದ ಸಿಟ್ಟನ್ನು ತಡೆದುಕೊಳ್ಳುವುದು ಎಲ್ಲ ಅದರಿಂದಲೇ ಆಗಬೇಕು.

1848ರಲ್ಲಿ ಅಮೆರಿಕದ ರೈಲು ಹಳಿ ಕೆಲಸದ ಮೇಸ್ತ್ರಿ ಫಿನಿಯಸ್ ಗೇಜ್‌ನ ತಲೆಯ ಇದೇ ಭಾಗವನ್ನು ಕಬ್ಬಿಣದ ಸಲಾಕೆ ತೂರಿಕೊಂಡು ಹೋಯಿತು. ಬದುಕಿಕೊಂಡ, ಮಾತು ನಡಿಗೆ ಎಲ್ಲ ಸರಿ. ಆದರೆ ಗೆಳೆಯರು 'ಇವನು ನಮ್ಮ ಗೇಜ್ ಅಲ್ಲ' ಅಂದರು. ಕಥೆಯನ್ನು ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿ ದುಡಿದ. ನಿಮಗೆ ಬೇಕಾದದ್ದು ಕಥೆಯ ಈ ಭಾಗ.

ನ್ಯೂರೋಸೈಕಾಲಜಿಸ್ಟ್ ಅಂದರೆ ಮಿದುಳಿನ ಪೆಟ್ಟಿನಿಂದ ನೆನಪು, ಗಮನ, ನಡವಳಿಕೆ ಎಷ್ಟು ಬದಲಾಗಿದೆ ಅಂತ ಅಳೆಯುವವರು. ಅದಕ್ಕೆ ನಾವು ಮಾಡುವ ಪರೀಕ್ಷೆ ಅಂದರೆ ಹೆದರಬೇಡಿ. ಸೂಜಿ ಇಲ್ಲ, ಮೆಷಿನ್ ಇಲ್ಲ. ಮೇಜು, ಪೆನ್ಸಿಲ್, ಹಾಳೆ. ಹಾಳೆಯ ಮೇಲೆ 1ರಿಂದ 25ರವರೆಗೆ ಅಂಕಿಗಳು ಚೆಲ್ಲಾಪಿಲ್ಲಿಯಾಗಿರುತ್ತವೆ, ಕ್ರಮವಾಗಿ ಗೆರೆ ಎಳೆದು ಸೇರಿಸಬೇಕು. ಆಮೇಲೆ 15 ಪದಗಳನ್ನು ಐದು ಸಲ ಓದಿ ಹೇಳುತ್ತೇನೆ, ಪ್ರತಿ ಸಲ ನೆನಪಿದ್ದಷ್ಟು ಹೇಳಬೇಕು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತೇನೆ. ಆಗ ತಾನಾಗಿ ನೆನಪಾಗದ ಪದ ಪಟ್ಟಿಯಲ್ಲಿ ತೋರಿಸಿದಾಗ ಗುರುತು ಸಿಕ್ಕಿತು ಅನ್ನಿ. ಅದು ತಲೆಯೊಳಗೆ ಹೋಗಿದೆ, ಹೊರಗೆ ತೆಗೆಯುವುದು ಕಷ್ಟವಾಗುತ್ತಿದೆ ಅಂತ ಅರ್ಥ. ಗುರುತೇ ಸಿಗದಿದ್ದರೆ ಪದ ತಲೆಯೊಳಗೆ ಸರಿಯಾಗಿ ಉಳಿದೇ ಇಲ್ಲ ಅಂತ. ಮನೆಯಲ್ಲಿ ಎರಡಕ್ಕೂ ಮರೆವು ಅಂತೀವಿ. ಅದಕ್ಕೆ ಮಾಡಬೇಕಾದ ಉಪಾಯ ಮಾತ್ರ ಬೇರೆ ಬೇರೆ. ಎಲ್ಲ ಸೇರಿ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಸುಸ್ತಾದರೆ ಇನ್ನೊಂದು ದಿನಕ್ಕೆ ಉಳಿಸುತ್ತೇನೆ, ದಣಿದ ತಲೆಯನ್ನು ಅಳೆದು ಪ್ರಯೋಜನ ಇಲ್ಲ. ಪಾಸು ಫೇಲು ಅಂತಲೂ ಇಲ್ಲ. ನಿಮ್ಹಾನ್ಸ್‌ನವರು 2004ರಲ್ಲಿ ಹೊರತಂದ ಪರೀಕ್ಷೆಗಳಲ್ಲಿ ನಮ್ಮ ಜನರ ವಯಸ್ಸು, ಓದು ನೋಡಿಯೇ ಮಟ್ಟ ಗೊತ್ತುಮಾಡಿದ್ದಾರೆ. ಹತ್ತನೇ ಕ್ಲಾಸ್ ಓದಿದವರನ್ನು ಡಿಗ್ರಿ ಆದವರ ಜೊತೆ ತೂಗುವುದಿಲ್ಲ.

ಬರುವಾಗ ಕನ್ನಡಕ, ಡಿಸ್ಚಾರ್ಜ್ ಕಾಗದ, ಈಗ ನುಂಗುವ ಮಾತ್ರೆಗಳು ಜೊತೆಗಿರಲಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಲಿ. ನೀವೂ ಬನ್ನಿ. ಇಂಥ ಪೆಟ್ಟಿನಲ್ಲಿ ಎಷ್ಟೋ ಸಲ ತಮ್ಮಲ್ಲೇನು ಬದಲಾಗಿದೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಯಾರ ಹತ್ತಿರ ಹೋದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಅಲ್ಲಿವರೆಗೆ ಸುಮ್ನೆ ಕೂರಬೇಕಾಗಿಲ್ಲ. ಹಾಜರಿ ಪುಸ್ತಕದ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟುಕೊಳ್ಳಲಿ. ಒಂದು ಹೆಸರು ಮುಗಿದ ಮೇಲೆ ಕೆಳಗೆ ಸರಿಸಲಿ, ಯಾರಾದರೂ ಮಾತಾಡಿಸಿದರೂ ಜಾಗ ತಪ್ಪುವುದಿಲ್ಲ. ಬಟವಾಡೆ ಲೆಕ್ಕವನ್ನು ಬೆಳಗ್ಗೆಯೇ ಮಾಡಿ, ಇನ್ನೊಬ್ಬರ ಕೈಲಿ ತಾಳೆ ನೋಡಿಸಲಿ. ಸಿಟ್ಟು ಯಾವ ಹೊತ್ತಿಗೆ ಬರುತ್ತದೆ ಅಂತ ಒಂದು ವಾರ ಬರೆದಿಡಿ. ಬಹಳ ಜನರಿಗೆ ಸಂಜೆ, ದಣಿದಾಗ ಬರುತ್ತದೆ. ಹಾಗಿದ್ದರೆ ಕೆಲಸದಿಂದ ಬಂದ ಕೂಡಲೇ ಅರ್ಧ ಗಂಟೆ ಸದ್ದಿಲ್ಲದ ಕೋಣೆಯಲ್ಲಿ ಮಲಗಲಿ. ಮಗಳನ್ನು ಕೂರಿಸಿಕೊಂಡು, ಅಪ್ಪನಿಗೆ ಸದ್ದು ತಡೆಯಲು ಆಗುತ್ತಿಲ್ಲ, ನಿನ್ನ ತಪ್ಪಿಲ್ಲ ಅಂತ ಹೇಳಿ. ಇದನ್ನು ಇವತ್ತೇ ಹೇಳಿ. ಕುಡಿಯುವ ಅಭ್ಯಾಸ ಇದ್ದರೆ ಪೂರ್ತಿ ನಿಲ್ಲಬೇಕು. ಡಾಕ್ಟರು ಹೇಳುವವರೆಗೆ ಬೈಕ್ ಮುಟ್ಟಬಾರದು. ತಾಯತ ಇರಲಿ ಬಿಡಿ, ಅತ್ತೆಯವರಿಗೆ ಸಮಾಧಾನ. ಮಾತ್ರೆ ಮಾತ್ರ ತಪ್ಪಿಸಬೇಡಿ. ಯಜಮಾನರು ಒಪ್ಪಿದರೆ ಸಾಹುಕಾರರನ್ನೂ ಒಂದು ಸಲ ಕರೆತನ್ನಿ. ವರದಿ ಮುಂದಿಟ್ಟು ವಿವರಿಸಿದರೆ ಬಹಳ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ (66) ಮರೆವು ಶುರುವಾಗಿದೆ. ಡಿಮೆನ್ಷಿಯಾ ಇರಬಹುದಾ?
– ಅರಸೀಕೆರೆ

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಮೊದಲು ವಿಟಮಿನ್ ಬಿ12, ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ. ನಿದ್ದೆ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ನಿದ್ದೆ ಮಾತ್ರೆ ಇವೆಲ್ಲ ಮರೆವು ತರಬಹುದು, ಸರಿಪಡಿಸಲೂ ಬಹುದು. ಖಿನ್ನತೆಯೂ ಮರೆವಿನ ರೂಪದಲ್ಲಿ ಬರುತ್ತದೆ. ಅಮ್ಮ ಊಟ, ನಿದ್ದೆ, ಅಕ್ಕಪಕ್ಕದವರ ಮಾತುಕತೆ ಬಿಟ್ಟಿದ್ದಾರಾ ಅಂತ ಗಮನಿಸಿ. ಹಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.