ಮೊದಲ ಹೋಮ್‌ಸ್ಟೆಡ್ ರೈತನ ಮನೆ ಕಥೆ

ಅಮೆರಿಕದಲ್ಲಿ ರೈತರಿಗೆ ಸರ್ಕಾರಿ ಜಮೀನು ಪುಕ್ಕಟೆ ಕೊಡುವ ಹೋಮ್‌ಸ್ಟೆಡ್ ಕಾಯ್ದೆಯಡಿ ಮೊದಲು ಜಮೀನಿಗೆ ಅರ್ಜಿ ಹಾಕಿದ ರೈತ ಯಾರು, ಅವನ ಸಂಸಾರ ಹೇಗಿತ್ತು ಅಂತ ಕೇಳಿದ್ದೀರಿ ಅಲ್ವಾ? ಡೇನಿಯಲ್ ಫ್ರೀಮನ್ ಹೆಸರು ಹೇಳುತ್ತಾರೆ. ಅದೇ ದಿನ ಬೇರೆಯವರೂ ಅರ್ಜಿ ಹಾಕಿದ್ದರು, ಆದರೆ ಹೆಸರು ಉಳಿದದ್ದು ಇವನದ್ದು.

ಕಾಯ್ದೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಮಧ್ಯರಾತ್ರಿ ದಾಟಿದ ಸ್ವಲ್ಪ ಹೊತ್ತಿಗೇ ಬ್ರೌನ್‌ವಿಲ್‌ನ ಭೂ ಕಚೇರಿಯ ಬಾಗಿಲು ತೆಗೆಸಿ ಅರ್ಜಿ ಕೊಟ್ಟನಂತೆ. ಸಿಕ್ಕಿದ್ದು ನೆಬ್ರಾಸ್ಕಾದ ಬಿಯಾಟ್ರಿಸ್ ಊರಿನ ಹತ್ತಿರ 160 ಎಕರೆ. ಜಮೀನು ಪುಕ್ಕಟೆ, ಆದರೆ ಐದು ವರ್ಷ ಅಲ್ಲೇ ಇದ್ದು ಉಳಬೇಕು.

ನನಗೆ ಜಾಸ್ತಿ ಇಷ್ಟವಾಗುವುದು ಮದುವೆಯ ಕಥೆ. ಡೇನಿಯಲ್‌ನ ಹೆಂಡತಿಯಾದ ಆ್ಯಗ್ನೆಸ್ ಸೂಟರ್‌ಗೆ ಮೊದಲು ನಿಶ್ಚಯವಾಗಿದ್ದ ವರ ಡೇನಿಯಲ್‌ನ ಸಹೋದರ ಜೇಮ್ಸ್. ಅವನು ಅಂತರ್ಯುದ್ಧದ ಕಾಲದಲ್ಲಿ ತೀರಿಕೊಂಡ. ಆಮೇಲೆ ಡೇನಿಯಲ್, ಆ್ಯಗ್ನೆಸ್ ಇಬ್ಬರೂ ಕಾಗದ ಬರೆದುಕೊಂಡರು. ಡೇನಿಯಲ್ ಕಾಗದದಲ್ಲೇ ಮದುವೆ ಮಾತು ಎತ್ತಿದ. 1865ರಲ್ಲಿ ಮದುವೆಯಾಯಿತು, ಸಂಸಾರ ಮರದ ದಿಮ್ಮಿಯ ಪುಟ್ಟ ಮನೆಯಲ್ಲಿ.

ಮನುಷ್ಯ ಸುಮ್ನೆ ಇರುವವನಲ್ಲ. ಊರ ಶಾಲೆಯಲ್ಲಿ ಟೀಚರ್ ಬೈಬಲ್ ಓದಿಸುತ್ತಾರೆ ಅಂತ ತಕರಾರು ತೆಗೆದ. ಶಾಲಾ ಮಂಡಳಿ ಟೀಚರ್ ಪರ ನಿಂತಿತು. ಇವನು ಕೋರ್ಟಿಗೆ ಹೋದ. 1902ರಲ್ಲಿ ನೆಬ್ರಾಸ್ಕಾದ ಸುಪ್ರೀಂ ಕೋರ್ಟ್ ಇವನ ಪರ ತೀರ್ಪು ಕೊಟ್ಟಿತು. 1908ರಲ್ಲಿ ತೀರಿಕೊಂಡ. ಅವನ ಆ 160 ಎಕರೆ ಜಮೀನು ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನ.