ಅಕ್ಕನ ಬೂಟು ಹಾಕಿಕೊಂಡು ಬೆಟ್ಟ ಹತ್ತಲೇ?

ಪ್ರಶ್ನೆ: ನನಗೆ 39 ವರ್ಷ. ಹನ್ನೊಂದು ತಿಂಗಳ ಹಿಂದೆ ಅಕ್ಕ ಕಾಯಿಲೆಯಿಂದ ತೀರಿಕೊಂಡಳು. ಅವಳಿಗೆ ಚಾರಣದ ಹುಚ್ಚು. "ಒಂದ್ಸಲ ನಿನ್ನನ್ನೂ 5,000 ಮೀಟರ್ ಮೇಲಕ್ಕೆ ಕರ್ಕೊಂಡು ಹೋಗ್ತೀನಿ" ಅನ್ನುತ್ತಿದ್ದಳು. ಅವಳು ಹೋದಮೇಲೆ ನನ್ನ ನಿದ್ದೆ, ಹಸಿವು ಎರಡೂ ಕೆಟ್ಟಿವೆ. ಆರು ತಿಂಗಳಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅವಳು ಹೇಳುತ್ತಿದ್ದ ಶಿಖರಕ್ಕೇ ನಾಲ್ಕು ತಿಂಗಳಲ್ಲಿ ಒಂದು ತಂಡ ಹೊರಡಲಿದೆ. ಎಂಟು ವರ್ಷದ ಹಿಂದೆ ಕೊಂಡ ಅವಳ ಬೂಟು ಪೆಟ್ಟಿಗೆಯಲ್ಲಿ ಹೊಸದರ ಹಾಗೇ ಇದೆ, ಅಳತೆಯೂ ನನ್ನದೇ. ಅದನ್ನೇ ಹಾಕಿಕೊಂಡು, ಮಾತ್ರೆ ಬಿಟ್ಟು, ಹೋಗಿಬಿಡೋಣ ಅನ್ನಿಸುತ್ತಿದೆ. ಮೇಲೆ ಹೋದಮೇಲೆ ಏನಾದರೂ ಆಗಲಿ. ನನ್ನವರು "ಇದು ಓಡಿಹೋಗೋದು ಅಷ್ಟೆ" ಅನ್ನುತ್ತಾರೆ. ಇದುವರೆಗೆ ಒಂದು ಗುಡ್ಡವನ್ನೂ ಹತ್ತಿಲ್ಲ. ಏನು ಮಾಡಲಿ?

ಉತ್ತರ: ಬೆಟ್ಟ ಹತ್ತಿ. ಆ ಶಿಖರವನ್ನು ಮಾತ್ರ ಈ ಸಲ ಬಿಡಿ.

ಕಾರಣ ಹೇಳುವ ಮೊದಲು ನಿಮ್ಮ ಪತ್ರದ ಒಂದು ಸಾಲು. "ಮೇಲೆ ಹೋದಮೇಲೆ ಏನಾದರೂ ಆಗಲಿ" ಎಂದು ಬರೆದಿದ್ದೀರಿ. ಬಾಯಿಮಾತಿಗೆ ಬಂದ ಸಾಲಿರಬಹುದು. ಆದರೆ ವಾಪಸ್ ಬರದಿದ್ದರೂ ಪರವಾಗಿಲ್ಲ ಅನ್ನುವ ಯೋಚನೆ ಅದರ ಹಿಂದೆ ಎಳೆಯಷ್ಟಿದ್ದರೂ, ಇದನ್ನು ಓದಿ ಮುಗಿಸುವ ಮೊದಲೇ ಗಂಡನಿಗೆ ಹೇಳಿ, ಇವತ್ತೇ ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಅಂಥ ಯೋಚನೆ ಇರುವವರೆಗೆ ಬೆಟ್ಟದ ಮಾತೇ ಬೇಡ. ಅದಿಲ್ಲ ಎಂದು ನಿಮಗೂ ವೈದ್ಯರಿಗೂ ಖಾತ್ರಿಯಾದಮೇಲೆ ಮುಂದಿನದು.

ಈಗ ಬೂಟು. ಅದನ್ನು ಹಾಕಿಕೊಳ್ಳಬೇಡಿ. ಚಾರಣದ ಬೂಟಿನಲ್ಲಿ ನೆಲಕ್ಕೆ ತಾಗುವ ರಬ್ಬರ್ ಅಟ್ಟೆಯ ಮೇಲೆ, ಹೆಜ್ಜೆಯ ಪೆಟ್ಟು ತಿನ್ನುವ ಇನ್ನೊಂದು ಪದರ ಇರುತ್ತದೆ. ಬಹಳಷ್ಟು ಬೂಟುಗಳಲ್ಲಿ ಅದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು. ಗಾಳಿಯಲ್ಲಿನ ತೇವ ಅದನ್ನು ವರ್ಷಗಟ್ಟಲೆ ಒಳಗೊಳಗೇ ಸಡಿಲ ಮಾಡುತ್ತ ಹೋಗುತ್ತದೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಐದರಿಂದ ಹತ್ತು ವರ್ಷದೊಳಗೆ ಅದು ಪುಡಿಯಾಗತೊಡಗಬಹುದು. ಮೇಲಿನ ಚರ್ಮ ಮಾತ್ರ ಮಿರಮಿರ ಮಿಂಚುತ್ತಿರುತ್ತದೆ. ಅಟ್ಟೆಯ ಪಕ್ಕದಲ್ಲಿ ಹೆಬ್ಬೆರಳಿನ ಉಗುರು ಒತ್ತಿ ನೋಡಿ: ಗೀರು ಬಿಟ್ಟರೆ, ಪುಡಿ ಉದುರಿದರೆ, ಅದರ ಕಥೆ ಮುಗಿದಿದೆ ಎಂದರ್ಥ. ಒತ್ತಿದಾಗ ಏನೂ ಆಗದಿದ್ದರೂ ನಂಬಬೇಡಿ. ಇಂಥ ಬೂಟು ಬಾಯಿ ಬಿಡುವುದು ಮನೆಯಲ್ಲಲ್ಲ, ಕಲ್ಲಿನ ಇಳಿಜಾರಿನಲ್ಲಿ. ಜೊತೆಗೆ, ಒಳಗಿನ ಮೆತ್ತೆ ನಿಮ್ಮ ಅಕ್ಕನ ಪಾದಕ್ಕೆ ಒಗ್ಗಿ ತಗ್ಗುಬಿದ್ದಿರಬಹುದು. ಅಳತೆಯ ಅಂಕಿ ಒಂದೇ ಆದರೂ ಆ ತಗ್ಗು ನಿಮ್ಮದಲ್ಲ.

ಹೊಸ ಬೂಟನ್ನು ಸಂಜೆ ಹೊತ್ತು ಕೊಳ್ಳಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಹತ್ತುವಾಗ ಹಾಕುವ ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಿ. ಲೇಸ್ ಕಟ್ಟುವ ಮೊದಲು ಬೆರಳುಗಳು ಮುಂದಕ್ಕೆ ತಾಗುವ ಹಾಗೆ ಪಾದ ಜರುಗಿಸಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಇಷ್ಟು ಜಾಗ ಇಲ್ಲದಿದ್ದರೆ ಇಳಿಯುವಾಗ ಬೆರಳುಗಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಅಕ್ಕನದೇ ಏನಾದರೂ ಜೊತೆಗಿರಲಿ ಅನ್ನಿಸಿದರೆ ಅವಳ ಬೂಟಿನ ಲೇಸ್ ಬಿಚ್ಚಿಕೊಳ್ಳಿ. ನೈಲಾನಿನದಾಗಿದ್ದು ಎಳೆ ಬಿಟ್ಟಿಲ್ಲದಿದ್ದರೆ ಅದು ಇನ್ನೂ ಗಟ್ಟಿಯೇ. ಉದ್ದ ಸಾಕಾಗುತ್ತದೆಯೇ ನೋಡಿ ಹೊಸ ಬೂಟಿಗೆ ಪೋಣಿಸಿ.

ಮಾತ್ರೆ ಬಿಡುವ ಯೋಚನೆ ಬೂಟಿಗಿಂತ ಅಪಾಯದ್ದು. ಖಿನ್ನತೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು ಬರಬಹುದು. ಸುಮಾರು 2,500 ಮೀಟರ್ ದಾಟಿದಮೇಲೆ ಶುರುವಾಗುವ ಎತ್ತರದ ಕಾಯಿಲೆಯ ಲಕ್ಷಣಗಳೂ ಹೆಚ್ಚುಕಡಿಮೆ ಇವೇ: ತಲೆನೋವು, ಅದರ ಜೊತೆ ವಾಕರಿಕೆ, ಸುಸ್ತು, ತಲೆಸುತ್ತು. ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ನಿಮಗೆ ದುಃಖದಿಂದ ಈಗಾಗಲೇ ಇವೆ. ಮೂರೂ ಕಲಸಿಹೋದರೆ ಮೇಲೆ ನಿಮ್ಮನ್ನು ನೋಡುವವರಿಗೆ ಯಾವುದು ಯಾವುದರಿಂದ ಎಂದು ತಿಳಿಯುವುದಿಲ್ಲ. "ಪಾಪ, ಅಕ್ಕನ ನೆನಪಿನಲ್ಲಿ ಊಟ ಬಿಟ್ಟಿದ್ದಾಳೆ" ಎಂದು ಸುಮ್ಮನಾಗುವ ರಾತ್ರಿಯೇ ಮಿದುಳು ಊದತೊಡಗಿರಬಹುದು. ಅದರ ಮುಖ್ಯ ಗುರುತು ತೂರಾಟ. ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಕತ್ತಲಾಗಿದ್ದರೂ ತಕ್ಷಣ ಕೆಳಗಿಳಿಸಬೇಕು. ಹಾಗಾಗಿ ಯಾವ ಬೆಟ್ಟಕ್ಕೆ ಹೋದರೂ ತಂಡದ ಮುಂದಾಳಿಗೆ ಮಾತ್ರೆಯ ಹೆಸರು, ಪ್ರಮಾಣ ಮೊದಲೇ ಹೇಳಿ. ನಾಚಿಕೆಪಡುವ ವಿಷಯವಲ್ಲ ಇದು. ಹೊರಡುವ ಮುಂಚೆ ಎರಡು ವಾರ, ದಿನಾ ಎಷ್ಟು ಹೊತ್ತು ನಿದ್ದೆ, ಎಷ್ಟು ಊಟ, ತಲೆನೋವು ಇತ್ತೇ ಎಂದು ಒಂದೊಂದು ಸಾಲು ಬರೆದಿಡಿ. ಮೇಲೆ ಹೋದಾಗ ಹೋಲಿಸಲು ಅದೇ ಆಧಾರ. ಲಿಥಿಯಂ (ಮನಸ್ಸಿನ ಏರುಪೇರಿಗೆ ಕೊಡುವ ಔಷಧ) ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಬೆಟ್ಟದ ವಿಷಯ ಹೇಳಲೇಬೇಕು, ಏಕೆಂದರೆ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ನಿದ್ದೆಮಾತ್ರೆಯನ್ನೂ ಕೇಳದೆ ಒಯ್ಯಬೇಡಿ, ಕೆಲವು ಉಸಿರಾಟವನ್ನೇ ತಗ್ಗಿಸುತ್ತವೆ. ಒಯ್ಯುವ ಖಿನ್ನತೆಯ ಮಾತ್ರೆಗಳ ಒಂದು ಪಾಲನ್ನು ಚೀಲದಲ್ಲಿ, ಇನ್ನೊಂದು ಪಾಲನ್ನು ಮೈಮೇಲಿನ ಜೇಬಿನಲ್ಲಿಡಿ.

ಈ ಸಲ ಆ ಶಿಖರ ಬೇಡ ಎಂದಿದ್ದು ಎತ್ತರಕ್ಕಾಗಿ. 5,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. 3,000 ಮೀಟರ್ ದಾಟಿದಮೇಲೆ ಮಲಗುವ ಜಾಗ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು. ಮುಂದೆಂದಾದರೂ ಹೋಗುವುದಾದರೆ ಪ್ರತಿ ರಾತ್ರಿ ಮಲಗುವ ಎತ್ತರವನ್ನು ಬರೆದುಕೊಡಿ ಎಂದು ಕೇಳಿ. ಕೊಡಲು ತಡವರಿಸುವ ತಂಡ ಬೇಡವೇ ಬೇಡ.

ಹಾಗಾದರೆ ಈ ನಾಲ್ಕು ತಿಂಗಳು? ಕತ್ತಲಾಗುವುದರೊಳಗೆ ಹತ್ತಿಳಿದು ಮನೆ ಸೇರಬಹುದಾದ ಒಂದು ಗುಡ್ಡ ಹುಡುಕಿ. 200ರಿಂದ 300 ಮೀಟರ್ ಏರು ಸಾಕು. ವಾರಕ್ಕೊಮ್ಮೆ ಅದೇ ಗುಡ್ಡ, ಅದೇ ದಾರಿ. ಜೊತೆಗೆ ವಾರದಲ್ಲಿ ಮೂರು ದಿನ 40 ನಿಮಿಷ ಬಿರುಸು ನಡಿಗೆ. ಬೇರೆ ಬೇರೆ ಬೆಟ್ಟ ಹುಡುಕಿ ಅಲೆಯಬೇಡಿ. ಒಂದೇ ದಾರಿಯಾದರೆ ಮೊದಲ ವಾರ ಕೂತ ಬಂಡೆಯನ್ನು ಐದನೇ ವಾರ ಕೂರದೆ ದಾಟಿದ್ದು ಗೊತ್ತಾಗುತ್ತದೆ. ದುಃಖದಲ್ಲಿರುವವರಿಗೆ ಒಂದು ದಿನ ಇನ್ನೊಂದರ ಹಾಗೇ ಕಾಣುತ್ತದಲ್ಲ, ಅಲ್ಲಿ ಇಂಥ ಗುರುತೊಂದು ಬೇಕಾಗುತ್ತದೆ.

ಮಾತಾಡಲು ಆಗುವಷ್ಟೇ ವೇಗ ಇರಲಿ. ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ ನಿಧಾನಿಸಿ. ಕಡಿದಾದ ಕಡೆ ಹಿಂದಿನ ಮಂಡಿಯನ್ನು ನೆಟ್ಟಗೆ ಮಾಡಿ ಪೂರ್ತಿ ಭಾರ ಅದರ ಮೇಲೆ ಬಿಡಿ, ಒಂದು ಕ್ಷಣ ತಡೆಯಿರಿ, ಆಮೇಲೆ ಮುಂದಿನ ಕಾಲು. ಆ ಕ್ಷಣ ಭಾರ ಹೊರುವುದು ಮೂಳೆ, ತೊಡೆಯ ಸ್ನಾಯುವಿಗೆ ಬಿಡುವು. ಐದನೇ ವಾರದಿಂದ ಬೆನ್ನುಚೀಲದಲ್ಲಿ ಎರಡು ಲೀಟರ್ ಹೆಚ್ಚುವರಿ ನೀರು ಹೊರಿ, ನಿಧಾನವಾಗಿ ಆರಕ್ಕೆ ಏರಿಸಿ. ಕುಡಿಯುವಷ್ಟು ಇಟ್ಟುಕೊಂಡು ಉಳಿದದ್ದನ್ನು ಮೇಲೆ ಚೆಲ್ಲಿಬಿಡಿ. ಮಂಡಿ ಕೆಡುವುದು ಹೆಚ್ಚಾಗಿ ಇಳಿಯುವಾಗ, ಖಾಲಿ ಚೀಲದಲ್ಲಿ ಇಳಿಯಿರಿ. ಹಿಮ್ಮಡಿ ಬಿಸಿಯಾದಂತೆ ಅನ್ನಿಸಿದ ತಕ್ಷಣ ನಿಂತು ಟೇಪ್ ಅಂಟಿಸಿ. ಗುಳ್ಳೆ ಎದ್ದಮೇಲೆ ಅಂಟಿಸಿದರೆ ಅದು ಬರೀ ಸಮಾಧಾನಕ್ಕೆ.

ಅಳು ಬರುತ್ತದೆ, ಬಹುಶಃ ಏರಿನ ಮಧ್ಯೆಯೇ. ಏದುಸಿರಿನಲ್ಲಿ ಬಿಕ್ಕಿದರೆ ಉಸಿರು ಕಟ್ಟಿದಂತಾಗಿ ಗಾಬರಿ ಹುಟ್ಟುತ್ತದೆ. ನಡೆಯುತ್ತಲೇ ಅಳಬೇಡಿ. ಚೀಲ ಇಳಿಸಿ, ಕೂತು, ಮೊದಲು ಜಾಕೆಟ್ ಹಾಕಿಕೊಳ್ಳಿ, ಬೆವೆತ ಮೈ ಕೂತರೆ ಬೇಗ ತಣ್ಣಗಾಗುತ್ತದೆ. ಆಮೇಲೆ ಎಷ್ಟು ಬೇಕಾದರೂ ಅಳಿ. ಆದರೆ ವಾಪಸ್ ತಿರುಗುವ ಸಮಯವನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡು ಅಂಗೈಯಲ್ಲಿ ಬರೆದುಕೊಂಡಿರಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತದೆ: ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನೀವು ಇದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಅಳುವ ಹೊತ್ತನ್ನೂ ಅದರಲ್ಲಿ ಸೇರಿಸಿ. ಗಡುವು ಬಂದಾಗ ತುದಿ ನೂರು ಹೆಜ್ಜೆ ದೂರ ಇದ್ದರೂ ತಿರುಗಿ.

ದುಃಖಕ್ಕೆ ಬೆಟ್ಟ ಅನ್ನುವುದು ನಿಮ್ಮೊಬ್ಬರ ಹುಚ್ಚಲ್ಲ. ಎವರೆಸ್ಟ್ ಏರಿದ ಮೊದಲ ಮಹಿಳೆ, ಜಪಾನಿನ ಜುಂಕೊ ತಾಬೇಯಿ, 2011ರ ಭೂಕಂಪ, ಸುನಾಮಿಯಲ್ಲಿ ನೊಂದ ಪ್ರೌಢಶಾಲೆಯ ಮಕ್ಕಳನ್ನು 2012ರಿಂದ ಫ್ಯೂಜಿ ಪರ್ವತಕ್ಕೆ ಕರೆದೊಯ್ಯುತ್ತಿದ್ದರು. ತಮಗೇ ಕ್ಯಾನ್ಸರ್ ಆದಮೇಲೂ ಬಿಡಲಿಲ್ಲ. 3,776 ಮೀಟರಿನ ಆ ಬೆಟ್ಟಕ್ಕೆ ಮಕ್ಕಳು ಹೋದದ್ದು ಗುಂಪಿನಲ್ಲಿ, ದಾರಿ ಬಲ್ಲವರ ಜೊತೆ. ನೀವೂ ಒಂಟಿಯಾಗಿ ಹೋಗಬೇಡಿ.

ನಿಮ್ಮ ಯಜಮಾನರ ಮಾತಿಗೆ ವಾದ ಬೇಡ. (ಓಡಿಹೋಗುವವರು ಏರುದಾರಿ ಹಿಡಿಯುವುದು ಕಷ್ಟವೇ, ಹತ್ತು ಹೆಜ್ಜೆಗೆ ಏದುಸಿರು.) ಎರಡನೇ ವಾರ ಅವರನ್ನೂ ಗುಡ್ಡಕ್ಕೆ ಕರೆಯಿರಿ. ಎದುರುಬದುರು ಕೂತು ಆಡಲಾಗದ ಮಾತು ಹಿಂದೆ ಮುಂದೆ ನಡೆಯುವಾಗ ಎಷ್ಟೋ ಸಲ ತಾನಾಗಿ ಬರುತ್ತದೆ. ಬಾರದಿದ್ದರೆ ನೀರು ಹೊರಲು ಒಬ್ಬರು ಸಿಕ್ಕ ಹಾಗಾಯಿತು.

ಕೊನೆಯದಾಗಿ, ಇಳಿದಮೇಲಿನ ದಿನಗಳು. ತೊಡೆ ನೋವು ಜೋರಾಗುವುದು ಅವತ್ತಲ್ಲ, ಎರಡನೇ ಮೂರನೇ ದಿನ. ಬೆಟ್ಟದ ಹುರುಪು ಇಳಿದು ಮನಸ್ಸು ಕುಸಿಯುವುದೂ ಸಾಮಾನ್ಯವಾಗಿ ಆಗಲೇ. ಭಾನುವಾರ ಹತ್ತಿದರೆ ಬುಧವಾರ ಸಂಜೆಗೆ ನಿಮ್ಮ ಆಪ್ತಸಮಾಲೋಚಕರ ಸಮಯ ಈಗಲೇ ಕೇಳಿಟ್ಟುಕೊಳ್ಳಿ.